ಕೊಟ್ಟಿಗೆಯ ಬದಿಯ ದೀನಬಂಧು: ಹದಿಮೂರು ವರ್ಷದ ಗೋಬರ್ ಗ್ಯಾಸ್ ಬಳಕೆಯ ಅನುಭವ

ಶಿರಸಿ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಯ ಪೂರ್ವ ಬದಿಯಲ್ಲಿ 2011ರ ಫೆಬ್ರುವರಿಯಲ್ಲಿ ಕಟ್ಟಿಸಿದ ಗೋಬರ್ ಗ್ಯಾಸ್ ಸ್ಥಾವರ ಹದಿಮೂರು ವರ್ಷ ದಾಟಿ ಈಗಲೂ ಉರಿಯುತ್ತಿದೆ. ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸಾಮರ್ಥ್ಯದ, ಪೂರ್ತಿಯಾಗಿ ನೆಲದೊಳಗೆ ಹುದುಗಿರುವ ದೀನಬಂಧು ಮಾದರಿ ಅದು. ಸಿಲಿಂಡರಿನ ಬೆಲೆ ಏರಿದಾಗಲೆಲ್ಲ ಪರಿಚಯದವರು ಫೋನ್ ಮಾಡಿ, ಗೋಬರ್ ಗ್ಯಾಸ್ ಮಾಡಿಸಬಹುದೇ, ಅದರಿಂದ ಲಾಭವಿದೆಯೇ ಎಂದು ಕೇಳುತ್ತಾರೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಷಯ ಅಲ್ಲವಾದ್ದರಿಂದ ನಾವು ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಸಗಣಿ ಸಿಗುವ, ತೋಟಕ್ಕೆ ಗೊಬ್ಬರ ಬೇಕಾದ ಮನೆಗೆ ಇದಕ್ಕಿಂತ ಒಳ್ಳೆಯ ಉರುವಲನ್ನು ನಾನು ಕಂಡಿಲ್ಲ. ಆದರೆ ಮನೆಯ ಜನರನ್ನು ಎಣಿಸಿ ಸ್ಥಾವರದ ಗಾತ್ರ ನಿರ್ಧರಿಸಿದವರಿಗೆ ಅದು ಒಲಿಯುವುದಿಲ್ಲ. ಕೊಟ್ಟಿಗೆಯ ಸಗಣಿಯನ್ನು ತೂಗಿ ನಿರ್ಧರಿಸಿದವರಿಗೆ ಒಲಿಯುತ್ತದೆ.

ದೀನಬಂಧು ಮಾದರಿಯನ್ನು 1984ರಲ್ಲಿ ಆಫ್‌ಪ್ರೋ ಎಂಬ ದೆಹಲಿಯ ಸಂಸ್ಥೆ ರೂಪಿಸಿತು. ಅದಕ್ಕಿಂತ ಮೊದಲು ನಮ್ಮ ಕಡೆ ಹೆಚ್ಚಾಗಿ ಕಾಣುತ್ತಿದ್ದುದು ಖಾದಿ ಗ್ರಾಮೋದ್ಯೋಗ ಆಯೋಗದ ತೇಲುವ ಡ್ರಮ್ಮಿನ ಮಾದರಿ. ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು ಬೋರಲಾಗಿ ತೇಲುತ್ತಿರುತ್ತಿತ್ತು; ಅನಿಲ ತುಂಬಿದಂತೆ ಏಳುತ್ತಿತ್ತು, ಖಾಲಿಯಾದಂತೆ ಇಳಿಯುತ್ತಿತ್ತು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಅದೇ ಇತ್ತು. ಅದರ ಉರಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತಿದ್ದುದನ್ನು ದೊಡ್ಡಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. ಆದರೆ ಮಲೆನಾಡಿನ ಮಳೆಗೆ ಕಬ್ಬಿಣ ತಾಳಲಿಲ್ಲ. ವರ್ಷ ವರ್ಷ ಬಣ್ಣ ಹೊಡೆದರೂ ತುಕ್ಕು ಬಿಡಲಿಲ್ಲ, ಡ್ರಮ್ಮು ತೂತಾದ ಮೇಲೆ ಹೊಸದನ್ನು ಹಾಕಿಸುವ ಖರ್ಚು ಭಾರವಾಯಿತು. ದೀನಬಂಧುವಿನಲ್ಲಿ ಕಬ್ಬಿಣದ ಭಾಗವೆಂದರೆ ಅನಿಲ ಹೊರಬರುವ ಪೈಪು ಮಾತ್ರ. ಉಳಿದದ್ದೆಲ್ಲ ಇಟ್ಟಿಗೆ, ಸಿಮೆಂಟು ಮತ್ತು ಮಣ್ಣು. ಬೋಗುಣಿಯಂಥ ತಳ, ಅದರ ಮೇಲೆ ಅರ್ಧಗೋಳದ ಗುಮ್ಮಟ, ಒಂದು ಬದಿಯಲ್ಲಿ ಸಗಣಿ ಕದಡುವ ತೊಟ್ಟಿ, ಇನ್ನೊಂದು ಬದಿಯಲ್ಲಿ ಬಗ್ಗಡ, ಅಂದರೆ ಅನಿಲ ಬಿಟ್ಟು ಉಳಿದ ಸಗಣಿ ನೀರು, ಹೊರಬರುವ ತೊಟ್ಟಿ. ಜಂಬಿಟ್ಟಿಗೆ ನೆಲವಾದ್ದರಿಂದ ಅಗೆಯಲು ನಾಲ್ಕು ದಿನ ಹಿಡಿಯಿತು, ಕಟ್ಟಲು ಹತ್ತು ದಿನ. ಅಗೆತದ ಕೆಲಸ ನಮ್ಮದೇ ಆಗಿದ್ದೂ ಆಗಿನ ಕಾಲಕ್ಕೆ ಹತ್ತಿರ ಹತ್ತಿರ 25,000 ರೂಪಾಯಿ ಖರ್ಚಾಯಿತು. ಈಗ ಅಷ್ಟಕ್ಕೆ ಆಗುವುದಿಲ್ಲ.

ಕಟ್ಟುವವರು ಯಾರು ಎಂಬುದರ ಮೇಲೆ ಈ ಸ್ಥಾವರದ ಆಯುಷ್ಯವೆಲ್ಲ ನಿಂತಿದೆ ಎಂದರೆ ಹೆಚ್ಚಿನ ಮಾತಲ್ಲ. ಮನೆ ಕಟ್ಟುವ ಗಾರೆ ಕೆಲಸದವರೆಲ್ಲ ಗುಮ್ಮಟ ಕಟ್ಟಲಾರರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಪ್ರತಿ ಇಟ್ಟಿಗೆಗೂ ನಡುವಿನ ಗೂಟದಿಂದ ಅಳತೆ ಹಿಡಿದು, ಸುತ್ತು ಸುತ್ತಾಗಿ ಮೇಲೆ ತರಬೇಕು. ಒಳಗಿನ ಗಿಲಾವು ಕೂದಲೆಳೆಯಷ್ಟೂ ಬಿರುಕು ಬಿಡಬಾರದು. ಕೊನೆಗೆ ಗುಮ್ಮಟದ ಸುತ್ತ ಮಣ್ಣು ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು, ಏಕೆಂದರೆ ಒಳಗಿನ ಅನಿಲದ ಒತ್ತಡವನ್ನು ಎದುರಿಸಿ ನಿಲ್ಲುವುದು ಆ ಮಣ್ಣಿನ ಭಾರ. ನಮ್ಮಲ್ಲಿ ಮೊದಲು ಬಂದ ಕಟ್ಟಡದಾತ ಕೊನೆಯ ಕೈಗಿಲಾವನ್ನು ಅವಸರದಲ್ಲಿ ಮುಗಿಸಿ ಹೋದ ಕಾರಣ ಮೊದಲ ನಾಲ್ಕು ತಿಂಗಳು ಅನಿಲ ಸೋರಿಹೋಯಿತು. ಸಂಜೆ ತುಂಬಿದ್ದ ಅನಿಲ ಬೆಳಗಾಗುವುದರೊಳಗೆ ಅರ್ಧಕ್ಕಿಳಿಯುತ್ತಿತ್ತು. ಕರೆದರೆ ಅವನು ಬರಲಿಲ್ಲ. ಬೇರೆ ಅನುಭವಸ್ಥರನ್ನು ಕರೆಸಿ, ಹಾಕಿದ್ದ ಸಗಣಿಯನ್ನೆಲ್ಲ ಹೊರತೆಗೆದು, ಗಿಲಾವು ಮತ್ತೆ ಮಾಡಿಸಿ ಬಣ್ಣ ಬಳಿಸಬೇಕಾಯಿತು. ಆ ಎರಡನೆಯ ಕೆಲಸದವರು ಒಂದು ವರ್ಷ ಉಚಿತವಾಗಿ ಬಂದು ನೋಡಿಹೋದರು, ಮತ್ತು ಈ ಹದಿಮೂರು ವರ್ಷ ನಿಂತಿರುವುದು ಅವರ ಕೈಯ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಶಿರಸಿ ಭಾಗದ ಗೋಬರ್ ಗ್ಯಾಸ್ ಪ್ರಸಾರವನ್ನು ಯಶಸ್ಸಿನ ಕಥೆಯೆಂದು ಕರೆದಿದೆ. ಕಟ್ಟಿದ ಮೇಲೂ ಜವಾಬ್ದಾರಿ ಹೊರುವ ಇಂಥ ಕೈಗಳಿಲ್ಲದೆ ಆ ಯಶಸ್ಸು ಸಾಧ್ಯವಿರಲಿಲ್ಲ ಎಂದು ನಾನು ನಂಬಿದ್ದೇನೆ.

ಹೊಸ ಸ್ಥಾವರಕ್ಕೆ ಮೊದಲ ಸಲ ತುಂಬುವ ಸಗಣಿಯ ಪ್ರಮಾಣ ಅನೇಕರಿಗೆ ಗೊತ್ತಿರುವುದಿಲ್ಲ. ನಮ್ಮ ಹವೆಯಲ್ಲಿ ಒಂದು ದಿನ ಹಾಕಿದ ಸಗಣಿ ಸುಮಾರು 40 ದಿನ ಒಳಗಿದ್ದು ಹೊರಬರಬೇಕು ಎಂಬ ಲೆಕ್ಕದಲ್ಲಿ ಗುಂಡಿಯನ್ನು ಕಟ್ಟುತ್ತಾರೆ. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಎಂದರೆ ಮೊದಲ ತುಂಬಿಕೆಗೆ 2 ಟನ್ ಸಗಣಿ ಬೇಕು. ನಾವು ಮೂರು ಮನೆಯ ಕೊಟ್ಟಿಗೆಯಿಂದ ತಂದೆವು. ಹಳೆಯ ಸ್ಥಾವರದ ನಾಲ್ಕು ಕೊಡ ಬಗ್ಗಡವನ್ನು ಹೆಪ್ಪಿನಂತೆ ಬೆರೆಸಿದ್ದರಿಂದ ಬೇಗ ಹತ್ತಿಕೊಂಡಿತು. ಮೊದಲು ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದರಿಂದ ಅದು ಉರಿಯುವುದಿಲ್ಲ. ಗಾಬರಿಯಾಗದೆ ಅದನ್ನು ಬಯಲಿಗೆ ಬಿಟ್ಟುಬಿಡಬೇಕು. ಹದಿನೆಂಟನೆಯ ದಿನ ನಮ್ಮ ಒಲೆಯಲ್ಲಿ ನೀಲಿ ಉರಿ ನಿಂತಿತು. ಗುಂಡಿಯೊಳಗೆ ಮಿಥೇನ್ ಎಂಬ ಉರಿಯುವ ಅನಿಲ ಮಾಡುವ ಸೂಕ್ಷ್ಮಜೀವಿಗಳು ಹೊರಗಿನಿಂದ ಬಂದವಲ್ಲ. ಹಸುವಿನ ಹೊಟ್ಟೆಯಲ್ಲಿ ಇದ್ದವೇ ಸಗಣಿಯೊಡನೆ ಬಂದು, ಗಾಳಿಯಾಡದ ಆ ಕತ್ತಲಲ್ಲಿ ತಮ್ಮ ಕೆಲಸ ಮುಂದುವರಿಸುತ್ತವೆ. ನಮ್ಮ ಅಮ್ಮ ಗುಂಡಿಯನ್ನು ಕೊಟ್ಟಿಗೆಯ ಇನ್ನೊಂದು ರಾಸೆಂದೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸರಿಯಾಗಿದೆ. ಅದಕ್ಕೂ ದಿನಾ ಮೇವು ಬೇಕು, ಒಂದೇ ಹೊತ್ತಿಗೆ ಬೇಕು, ಹದವಾಗಿ ಬೇಕು.

ಬೆಳಿಗ್ಗೆ ಹಾಲು ಕರೆದಾದ ಮೇಲೆ ಸಗಣಿ ತೆಗೆದು ತೊಟ್ಟಿಗೆ ಹಾಕಿ, ಸಮ ನೀರು ಹೊಯ್ದು, ಕೈಯಿಂದಲೇ ಕದಡುತ್ತೇವೆ. ಯಂತ್ರದ ಕದಡುಗ ಬಂದಿದೆ, ಆದರೆ ಕೈಗೆ ಸಿಗುವಂತೆ ಹುಲ್ಲಿನ ಕಡ್ಡಿ, ದರಕು (ಉದುರಿದ ಒಣ ಎಲೆ), ಮುಖ್ಯವಾಗಿ ಹರಳು ಅದಕ್ಕೆ ಸಿಗುವುದಿಲ್ಲ. ಹುಲ್ಲು ಒಳಹೋದರೆ ಮೇಲೆ ಕೆನೆಯಂತೆ ಗಟ್ಟಿಗಟ್ಟಿ ಅನಿಲವನ್ನು ತಡೆಯುತ್ತದೆ, ಹರಳು ಹೋದರೆ ತಳಕ್ಕಿಳಿದು ಗುಂಡಿಯನ್ನೇ ಚಿಕ್ಕದು ಮಾಡುತ್ತದೆ. ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳುವಾದ ಹದಕ್ಕೆ ಬಂದ ಮೇಲೆ, ಒಂದೆರಡು ನಿಮಿಷ ಬಿಟ್ಟು, ಹರಳು ಕೂತಾಗ ಬಿರಡೆ ತೆಗೆಯಬೇಕು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಆಗ ಇನ್ನೊಂದು ಬದಿಯ ತೊಟ್ಟಿಯನ್ನು ನೋಡಿದರೆ ಸ್ಥಾವರದ ಸ್ಥಿತಿಯೆಲ್ಲ ತಿಳಿಯುತ್ತದೆ. ಗುಮ್ಮಟದಲ್ಲಿ ಅನಿಲ ತುಂಬಿದ್ದರೆ ಅದು ಬಗ್ಗಡವನ್ನು ಒತ್ತಿ ಹೊರತೊಟ್ಟಿಗೆ ಏರಿಸಿರುತ್ತದೆ. ಒಲೆ ಉರಿಸಿದಂತೆ ಆ ಬಗ್ಗಡ ಕೆಳಗಿಳಿಯುತ್ತದೆ. ನಾವು ತೊಟ್ಟಿಯ ಗೋಡೆಗೆ ಮೂರು ಗೆರೆ ಎಳೆದಿದ್ದೇವೆ. ಮೇಲಿನ ಗೆರೆಯಲ್ಲಿ ಬಗ್ಗಡ ನಿಂತು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಒಡೆಯುತ್ತಿದ್ದರೆ ಬೆಳಗಿನ ತಿಂಡಿ, ಅನ್ನ, ಸಾರು ಎಲ್ಲ ಆಗುತ್ತದೆ. ನಡುವಿನ ಗೆರೆಯಲ್ಲಿದ್ದರೆ ಅನ್ನವಾಗಿ ಸಾರು ಕುದಿಯುವ ಹೊತ್ತಿಗೆ ಉರಿ ಸಣ್ಣದಾಗುತ್ತದೆ. ಕೆಳಗಿನ ಗೆರೆಗೆ ಇಳಿದರೆ ಚಹಾಕ್ಕೆ ಮಾತ್ರ.

ಈ ಗುಮ್ಮಟ ಒಂದು ದಿನದ ಉತ್ಪತ್ತಿಯ ಮೂರನೆಯ ಒಂದು ಭಾಗವನ್ನಷ್ಟೇ ಹಿಡಿದಿಡುತ್ತದೆ ಎಂಬುದನ್ನು ಕಟ್ಟಿಸುವವರು ಮೊದಲೇ ತಿಳಿದಿರಬೇಕು. ಬೆಳಿಗ್ಗೆ ಮತ್ತು ಸಂಜೆ ಎಂದು ಹಂಚಿ ಬಳಸುವ ಮನೆಗೆ ಅದು ಸಾಕು. ಮದುವೆಗೆಂದು ಎರಡು ದಿನ ಬಾಗಿಲು ಹಾಕಿ ಹೋದರೆ ಹೆಚ್ಚಾದ ಅನಿಲ ತೊಟ್ಟಿಯಿಂದ ಗುಳ್ಳೆಯಾಗಿ ಹೊರಹೋಗುತ್ತದೆ. ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಾಲು ಹೆಚ್ಚು ಶಾಖ ಹಿಡಿಯುವ ಅನಿಲವಾದ್ದರಿಂದ ಅದನ್ನು ಹಾಗೆ ಬಿಡುವುದು ನನಗೆ ಮನಸ್ಸಿಗೆ ಒಪ್ಪುವುದಿಲ್ಲ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಅವರ ಅಡುಗೆ ನಮ್ಮ ಒಲೆಯಲ್ಲಿ ಮಾಡಿಕೊಳ್ಳಲು ಹೇಳಿ ಹೋಗುತ್ತೇವೆ.

ಉರಿಯ ವಿಷಯದಲ್ಲಿ ಇದನ್ನು ಸಿಲಿಂಡರಿನ ಅನಿಲಕ್ಕೆ ಸಮವೆಂದು ಹೇಳಿದರೆ ಸುಳ್ಳಾಗುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮಿಥೇನ್ ಶೇ 55ರಿಂದ 65ರಷ್ಟಿದ್ದು, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ಅದಕ್ಕಾಗಿಯೇ ಇದರ ಬರ್ನರಿನ ತೂತು ದೊಡ್ಡದಿರುತ್ತದೆ. ಸಿಲಿಂಡರಿನ ಒಲೆಯನ್ನು ಹಾಗೆಯೇ ಜೋಡಿಸಿದರೆ ಉರಿ ಹತ್ತುವುದಿಲ್ಲ, ಹತ್ತಿದರೂ ನಿಲ್ಲುವುದಿಲ್ಲ. ಒಂದು ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಅನಿಲ ಉರಿಸುತ್ತದೆ. ದೀನಬಂಧುವಿನಲ್ಲಿ ಒತ್ತಡ ಒಂದೇ ಸಮ ಇರದ ಕಾರಣ ಮೊದಲು ಭರ್ರೆಂದು ಎದ್ದ ಉರಿ ಬರಬರುತ್ತಾ ಇಳಿಯುತ್ತದೆ, ಕೀಲಿ ತಿರುಗಿಸುತ್ತಾ ಇರಬೇಕು. ದೋಸೆಗೆ, ರೊಟ್ಟಿಗೆ ಇದು ತೊಡಕು. ಬೇಳೆ ಬೇಯಿಸಲು, ಹಾಲು ಕಾಯಿಸಲು, ಕುಚ್ಚಲಕ್ಕಿ ಅನ್ನಕ್ಕೆ ಬಹಳ ಚೆನ್ನು. ಪಾತ್ರೆಯ ತಳ ಕಪ್ಪಾಗುವುದಿಲ್ಲ, ಕಣ್ಣು ಉರಿಯುವುದಿಲ್ಲ. ಅಮ್ಮ ಮೂವತ್ತು ವರ್ಷ ಕಟ್ಟಿಗೆಯ ಹೊಗೆಯಲ್ಲಿ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದುದನ್ನು ನೋಡಿ ಬೆಳೆದ ನನಗೆ, ಬೇರೆ ಯಾವ ಲಾಭವೂ ಇರದಿದ್ದರೂ ಇದೊಂದಕ್ಕೇ ಇದನ್ನು ಕಟ್ಟಿಸಬಹುದಿತ್ತು ಎನ್ನಿಸುತ್ತದೆ.

ಇನ್ನು ಲೆಕ್ಕ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಒಂದು ಘನ ಮೀಟರ್, ಅಂದರೆ 1,000 ಲೀಟರ್ ಗೋಬರ್ ಗ್ಯಾಸು ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು, ಅದಕ್ಕೆ ನಾಲ್ಕೈದು ದನ ಸಾಕು ಎಂದು ಎಲ್ಲರೂ ಹೇಳುತ್ತಾರೆ, ನಮಗೂ ಹಾಗೆಯೇ ಹೇಳಿದ್ದರು. ಆಗ ನಮ್ಮಲ್ಲಿ ಐದು ರಾಸುಗಳಿದ್ದವು. ಆದರೆ ಅವುಗಳಲ್ಲಿ ಮೂರು ಮಲೆನಾಡು ಗಿಡ್ಡ. ಆ ತಳಿಯ ಮೈ ಸಣ್ಣದು, ಸಗಣಿಯೂ ಕಡಿಮೆ. ಹಗಲೆಲ್ಲ ಬೆಟ್ಟದಲ್ಲಿ ಮೇಯುವುದರಿಂದ ಅರ್ಧ ಸಗಣಿ ಬೆಟ್ಟಕ್ಕೇ ಬೀಳುತ್ತದೆ. ತಕ್ಕಡಿ ಹಿಡಿದು ತೂಗಿ ನೋಡಿದಾಗ ನಮಗೆ ದಿನಕ್ಕೆ ಸಿಗುತ್ತಿದ್ದುದು ಸರಾಸರಿ 35 ಕಿಲೋ. ಅದರಿಂದ 1,400 ಲೀಟರ್ ಅನಿಲ, ಎಂದರೆ ದಿನಕ್ಕೆ 600 ಗ್ರಾಂ, ತಿಂಗಳಿಗೆ 18 ಕಿಲೋ ಎಲ್‌ಪಿಜಿಯಷ್ಟು ಉರುವಲು. ಆರು ಜನರ ನಮ್ಮ ಮನೆಯ ಅಡುಗೆಗೆ ಬೇಸಿಗೆಯಲ್ಲಿ ಅದು ಸಾಲುತ್ತದೆ. ಮೊದಲು ತಿಂಗಳಿಗೊಂದು ಬೇಕಾಗುತ್ತಿದ್ದ ಸಿಲಿಂಡರ್ ಈಗ ವರ್ಷಕ್ಕೆ ಮೂರು ಸಾಕು. ಹಾಗಿದ್ದರೂ ದೊಡ್ಡ ಗುಂಡಿ ಹಸಿದೇ ಇರುತ್ತದೆ. ಒತ್ತಡ ಕಡಿಮೆ, ಕಟ್ಟಿದ ಖರ್ಚು ಹೆಚ್ಚು. ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿಯೂ ಆಗುತ್ತದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ನಡೆಸಿದಾಗ, ಎಲ್ಲ ಮನೆಯ ಅಡುಗೆಗೆ ಬೇಕಾದಷ್ಟು ಸಗಣಿ ಊರಿನಲ್ಲಿ ಸಿಗಲಿಲ್ಲ. ಅದೇ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತುವುದಕ್ಕೂ ಮನೆಯ ದೀಪಕ್ಕೂ ಬಳಸಿದ ಮೇಲೆ ಯೋಜನೆ ನೆಲೆಗೊಂಡಿತು.

ಮಳೆಗಾಲದ ಮಾತು ಬೇರೆಯೇ ಇದೆ. ಮಿಥೇನ್ ಮಾಡುವ ಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್ ಸುಮಾರಿನ ಶಾಖ ಹಿತ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ನೆಲವೇ ತಣ್ಣಗಾದಾಗ ಅವು ನಿಧಾನವಾಗುತ್ತವೆ, ಅನಿಲ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಹಸಿಹುಲ್ಲು ತಿಂದ ದನದ ಸಗಣಿ ನೀರಾಗಿರುವುದರಿಂದ ಸಮ ನೀರು ಹಾಕಿದರೆ ಬಗ್ಗಡ ತೀರಾ ತೆಳುವಾಗುತ್ತದೆ, ಆಗ ನೀರು ಕಡಿಮೆ ಮಾಡಬೇಕು. ಮಾಡಿನ ನೀರು ತೊಟ್ಟಿಗೆ ಬೀಳದಂತೆ ನಾವು ಅಡಿಕೆ ದಬ್ಬೆಯ ಚಪ್ಪರ ಕಟ್ಟಿ ತಗಡು ಹಾಕಿದ್ದೇವೆ. ಗುಮ್ಮಟದ ಮೇಲೆ ಒಣ ದರಕು ಹೊದೆಸುತ್ತೇವೆ. ಕದಡಲು ಬಚ್ಚಲಿನ ಹಂಡೆಯಲ್ಲಿ ಉಳಿದ ಬಿಸಿನೀರು ಬೆರೆಸಿದರೆ ಸ್ವಲ್ಪ ಅನುಕೂಲ. ಇಷ್ಟು ಮಾಡಿದರೂ ವರ್ಷದ ಮೂರು ಸಿಲಿಂಡರುಗಳಲ್ಲಿ ಎರಡು ಈ ಎರಡು ತಿಂಗಳಿಗೇ ಹೋಗುತ್ತವೆ.

ಪೈಪಿನಲ್ಲಿ ನೀರು ಕಟ್ಟುವುದು ಎಲ್ಲರಿಗೂ ಬರುವ ತೊಂದರೆ. ಗುಂಡಿಯಿಂದ ಬರುವ ಅನಿಲದ ತೇವ ತಂಪಾದ ಪೈಪಿನಲ್ಲಿ ಹನಿಗಟ್ಟಿ ತಗ್ಗಿನಲ್ಲಿ ನಿಲ್ಲುತ್ತದೆ. ಆಗ ಉರಿ ಬುಗ್ಗ ಬುಗ್ಗ ಎಂದು ಹಾರುತ್ತಾ, ಒಮ್ಮೆ ಏಳುತ್ತಾ ಒಮ್ಮೆ ಆರುತ್ತಾ ಇರುತ್ತದೆ. ಪೈಪಿನ ಅತ್ಯಂತ ತಗ್ಗಿನ ಜಾಗದಲ್ಲಿ ನೀರು ಇಳಿಸುವ ಕೀಲಿ ಇರಲೇಬೇಕು. ನಾವು ಹದಿನೈದು ದಿನಕ್ಕೊಮ್ಮೆ ಬಿಚ್ಚುತ್ತೇವೆ. ಲೋಟದಷ್ಟು ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆಯೊಡನೆ ಹೊರಬರುತ್ತದೆ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಉರಿಯುವಾಗ ವಾಸನೆ ಇರುವುದಿಲ್ಲವಾದ್ದರಿಂದ ಅಡುಗೆಮನೆಯಲ್ಲಿ ಆ ವಾಸನೆ ಬಂದರೆ ಸೋರುತ್ತಿದೆ ಎಂದೇ ಅರ್ಥ. ಒಡನೆ ಕಿಟಕಿ ಬಾಗಿಲು ತೆರೆದು, ಕೀಲಿ ಮುಚ್ಚಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಬೇಕು. ಕಡ್ಡಿ ಗೀರಿ ಹುಡುಕುವ ಕೆಲಸ ಖಂಡಿತ ಕೂಡದು. ಮೊದಲು ಹಾಕಿಸಿದ ಕಬ್ಬಿಣದ ಪೈಪನ್ನು ಇದೇ ಅನಿಲ ಆರು ವರ್ಷಕ್ಕೆ ತಿಂದುಹಾಕಿತು. ಈಗ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು ಹಾಕಿದ್ದೇವೆ, ತೊಂದರೆ ಇಲ್ಲ.

2022ರಲ್ಲಿ ತಳದಲ್ಲಿ ಹರಳು ತುಂಬಿ ಗುಂಡಿಯನ್ನು ಖಾಲಿ ಮಾಡಿಸಬೇಕಾಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಯಾರನ್ನೂ ಗುಂಡಿಗೆ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಕುಸಿಯುತ್ತಾರೆ. ನಾವು ಬಗ್ಗಡವನ್ನು ಪಂಪಿನಿಂದ ಎತ್ತಿ, ವಾರವಿಡೀ ತೆರೆದಿಟ್ಟು, ಗಾಳಿ ಊದುವ ಯಂತ್ರದಿಂದ ಗಾಳಿ ಹಾಯಿಸಿದೆವು. ಅದಾದ ಮೇಲೂ ತಳದ ಹರಳನ್ನು ಮೇಲಿನಿಂದಲೇ ಉದ್ದ ಹಿಡಿಯ ಸಲಿಕೆಯಿಂದ ತೆಗೆಸಿದೆವು. ಮೂರು ದಿನದ ಕೆಲಸ ಆರು ದಿನಕ್ಕೆ ಹೋಯಿತು, ಹೋಗಲಿ.

ಇಷ್ಟೆಲ್ಲ ದುಡಿದು ಸಿಗುವುದು ಬರೀ ಅನಿಲವಾಗಿದ್ದರೆ ನಮ್ಮ ಕಡೆ ಇಷ್ಟೊಂದು ಮನೆಗಳಲ್ಲಿ ಇದು ಉಳಿಯುತ್ತಿರಲಿಲ್ಲ. ಅಡಿಕೆ ತೋಟಕ್ಕೆ ಬೇಕಾದ ಗೊಬ್ಬರವೇ ಇದರ ಬೆನ್ನೆಲುಬು. ಸಗಣಿಯ ಸತ್ವವೆಲ್ಲ ಗ್ಯಾಸಿಗೆ ಹೋದ ಮೇಲೆ ಗೊಬ್ಬರದಲ್ಲಿ ಏನು ಉಳಿಯಿತು ಎಂದು ಅಜ್ಜ ಮೊದಲು ವಿರೋಧಿಸಿದ್ದರು. ಅನಿಲವಾಗಿ ಹೋಗುವುದು ಇಂಗಾಲ ಮತ್ತು ಹೈಡ್ರೋಜನ್; ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲಿಯೇ ಉಳಿಯುತ್ತವೆ, ಸಾರಜನಕವಂತೂ ಗಿಡಕ್ಕೆ ಬೇಗ ಸಿಗುವ ರೂಪಕ್ಕೆ ಬರುತ್ತದೆ. ಆದರೆ ಬಗ್ಗಡವನ್ನು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಆ ಸಾರಜನಕವೇ ಗಾಳಿಗೆ ಹಾರಿಹೋಗುತ್ತದೆ. ಆದ್ದರಿಂದ ನಾವು ಅದನ್ನು ಕಾಲುವೆಯಲ್ಲಿ ಗೊಬ್ಬರದ ಗುಂಡಿಗೆ ಹರಿಸಿ, ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕಿನ ಪದರದ ಮೇಲೆ ಬೀಳುವಂತೆ ಮಾಡಿದ್ದೇವೆ. ಸೊಪ್ಪು ಮೊದಲಿಗಿಂತ ಬೇಗ ಕೊಳೆಯುತ್ತದೆ, ಗೊಬ್ಬರದಲ್ಲಿ ಕಳೆಯ ಬೀಜ ಕಡಿಮೆ, ನೊಣವೂ ಕಡಿಮೆ. ಎರಡನೆಯ ವರ್ಷದ ಗೊಬ್ಬರವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅಜ್ಜ ತಾವೇ ತೊಟ್ಟಿಯ ಹತ್ತಿರ ನಿಂತು ಕದಡಿಸತೊಡಗಿದರು.

ದನವಿಲ್ಲದ ಪಟ್ಟಣದ ಮನೆಗೆ ಏನು ಎಂದು ಕೇಳುವವರಿಗಾಗಿ ಹುಬ್ಬಳ್ಳಿಯ ನನ್ನ ತಂಗಿಯ ಮನೆಯ ವಿಷಯ ಹೇಳುತ್ತೇನೆ. ಅಡುಗೆಮನೆಯ ಕಸದಿಂದ ನಡೆಯುವ, ಪ್ಲಾಸ್ಟಿಕ್ ಟ್ಯಾಂಕಿನ ಸಣ್ಣ ಸ್ಥಾವರ ಅವರ ಹಿತ್ತಲಿನಲ್ಲಿದೆ. ಇಂಥ ಮಾದರಿಯನ್ನು ಹಳ್ಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ ಪುಣೆಯ ಆರ್ತಿ ಸಂಸ್ಥೆಯ ಆನಂದ ಕರ್ವೆ ಅವರು ರೂಪಿಸಿ ಜನರಿಗೆ ತಲುಪಿಸಿದರು, ಅದಕ್ಕೆ 2006ರಲ್ಲಿ, ಸುಸ್ಥಿರ ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿ ಬಂತು. ಅನ್ನ, ಹಿಟ್ಟು, ಹಣ್ಣಿನ ಸಿಪ್ಪೆಯಲ್ಲಿ ಸಗಣಿಗಿಂತ ಹೆಚ್ಚು ಕಸುವು ಉಳಿದಿರುವುದರಿಂದ ಸ್ವಲ್ಪ ಕಸಕ್ಕೇ ಒಳ್ಳೆಯ ಅನಿಲ ಬರುತ್ತದೆ. ತಂಗಿ ದಿನಕ್ಕೆ 3 ಕಿಲೋ ಹಾಕುತ್ತಾಳೆ, 40 ನಿಮಿಷ ಉರಿ ಸಿಗುತ್ತದೆ. ಆದರೆ ಐದು ಜನರ ಮನೆಯಲ್ಲಿ ಅಷ್ಟು ಕಸವೇ ಆಗುವುದಿಲ್ಲ. ಪಕ್ಕದ ಎರಡು ಮನೆಯಿಂದ ತಂದು ತುಂಬಿಸುತ್ತಾಳೆ. ಒಂದು ಯುಗಾದಿಗೆ ಉಳಿದ ಹೋಳಿಗೆಯ ಹೂರಣ, ಪಾಯಸ ಎಲ್ಲವನ್ನೂ ಒಂದೇ ದಿನ ಸುರಿದಳು, ಟ್ಯಾಂಕು ಹುಳಿಯಾಯಿತು. ಆಮ್ಲ ಮಾಡುವ ಜೀವಿಗಳು ಮುಂದೆ ಓಡಿ, ಮಿಥೇನ್ ಮಾಡುವವು ಹಿಂದೆ ಉಳಿದಾಗ ಹೀಗಾಗುತ್ತದೆ. ಹತ್ತು ದಿನ ಏನೂ ಹಾಕದೆ, ಎರಡು ಬಕೆಟ್ ಸಗಣಿ ನೀರು ಹೊಯ್ದ ಮೇಲೆ ಸರಿಯಾಯಿತು. ನಿಂಬೆ ಜಾತಿಯ ಸಿಪ್ಪೆ, ಮೊಟ್ಟೆಯ ಚಿಪ್ಪು, ಮೂಳೆ, ತೆಂಗಿನ ನಾರು, ಫಿನಾಯಿಲ್ ತಾಗಿದ ನೀರು ಹಾಕಲೇಬಾರದು. ಕಸ ಬೀದಿಗೆ ಹೋಗದಂತೆ ಮಾಡುವ ವಸ್ತುವೆಂದು ಅದನ್ನು ಕೊಳ್ಳುವವರಿಗೆ ನಾನು ಸಂತೋಷದಿಂದ ಹೇಳುತ್ತೇನೆ, ಕೊಳ್ಳಿ. ಸಿಲಿಂಡರ್ ಬಿಡಿಸುವ ವಸ್ತುವೆಂದು ಕೊಂಡರೆ ನಿರಾಸೆಯಾದೀತು.

ನಮ್ಮ ದೀನಬಂಧುವಿಗೂ ಮಾಡಲಾಗದ ಕೆಲಸವಿದೆ. ಮಲೆನಾಡಿನ ಮನೆಯಲ್ಲಿ ಕಟ್ಟಿಗೆಯ ದೊಡ್ಡ ಪಾಲು ಹೋಗುವುದು ಬಚ್ಚಲಿನ ಹಂಡೆಗೆ ಮತ್ತು ಅಡಿಕೆ ಬೇಯಿಸುವ ಒಲೆಗೆ. ಅವೆರಡೂ ಈಗಲೂ ಕಟ್ಟಿಗೆಯಲ್ಲೇ ನಡೆಯುತ್ತಿವೆ. ಕೊಟ್ಟಿಗೆಯೂ ಬರಿದಾಗುತ್ತಿದೆ, ಮೇವು ತರುವ ಕೈಗಳಿಲ್ಲದೆ ನಾವು ಕಳೆದ ವರ್ಷ ಒಂದು ಎಮ್ಮೆ ಕೊಟ್ಟೆವು, ಅಂದಿನಿಂದ ಹೊರತೊಟ್ಟಿಯ ಬಗ್ಗಡ ಮೇಲಿನ ಗೆರೆ ಮುಟ್ಟುವುದು ಅಪರೂಪ. ಊರಿನಲ್ಲಿ ದನ ಮಾರಿದ ಮನೆಗಳ ಗುಮ್ಮಟಗಳು ಒಣಗಿ ಬಿರುಕು ಬಿಟ್ಟು ನಿಂತಿರುವುದನ್ನು ನೋಡಿದಾಗ ನನಗೆ ನೋವಾಗುತ್ತದೆ, ಏಕೆಂದರೆ ಮೊದಲು ಅವುಗಳಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಸಗಣಿ ಹಾಕುವವರಿಲ್ಲದೆ ಹೀಗಾಯಿತು.

ಮೇಲಿನಕೇರಿಯ ಒಬ್ಬರು ಈ ಬಾರಿ ಹೊಸದಾಗಿ ಕಟ್ಟಿಸಬೇಕೆಂದು, 2 ಮಾಡಿಸಲೋ 3 ಘನ ಮೀಟರ್ ಮಾಡಿಸಲೋ ಎಂದು ಕೇಳಿಕೊಂಡು ಬಂದರು. ಯಾವುದನ್ನೂ ಹೇಳದೆ, ಒಂದು ವಾರ ಬೆಳಗಿನ ಸಗಣಿಯನ್ನು ತೂಗಿ ಬರೆದಿಡಿ ಎಂದು ತಕ್ಕಡಿ ಕೊಟ್ಟು ಕಳಿಸಿದೆ. ಏಳು ದಿನದ ಸರಾಸರಿ 26 ಕಿಲೋ ಬಂತು. ಈಗ ಅವರು 1 ಘನ ಮೀಟರಿನ ಗುಂಡಿಗೆ ಗುರುತು ಹಾಕಿಸಿ, ನೆಲ ಒಣಗಲೆಂದು ದೀಪಾವಳಿಯವರೆಗೆ ಕಾಯುತ್ತಿದ್ದಾರೆ. ಹೆಪ್ಪಿಗೆ ಬೇಕಾದ ಬಗ್ಗಡವನ್ನು ನಮ್ಮ ತೊಟ್ಟಿಯಿಂದ ಕೊಡುವುದೆಂದು ಮಾತಾಗಿದೆ.